ಮೂರು ಸಲ ಆರುನೂರ ನಲವತ್ತು

ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಮುಖ್ಯಸ್ಥನ ಕುರ್ಚಿ ಸರದಿಯ ಮೇಲೆ ಬರುತ್ತದೆ, ಮೂರು ವರ್ಷಕ್ಕೊಬ್ಬರಿಗೆ. ಬೇಕೆಂದವರಿಗೆ ಸಿಗುವುದಿಲ್ಲ, ಬೇಡವೆಂದವರನ್ನು ಬಿಡುವುದಿಲ್ಲ. ಇಪ್ಪತ್ತೆರಡು ವರ್ಷ ಕಾಂಕ್ರೀಟಿನ ಪಾಠ ಹೇಳಿಕೊಂಡು ತಣ್ಣಗಿದ್ದ ಮೇಷ್ಟ್ರ ಪಾಲಿಗೆ ಅದು ಬಂದ ದಿನ, ಹಳೆಯ ಮುಖ್ಯಸ್ಥರು ಕೀಲಿ ಗೊಂಚಲು ಕೈಗಿಡುತ್ತ, "ಎಲ್ಲಾ ತಾನಾಗೇ ನಡ್ಕೊಂಡು ಹೋಗತ್ತೆ. ಲ್ಯಾಬ್ ಕಡೆ ಮಾತ್ರ ಒಂದು ಕಣ್ಣಿರಲಿ," ಎಂದರು. ಯಾಕೆ ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಕಾರಣ ಹೇಳಿದ್ದರೆ ಅನುಮಾನ ಒಂದೇ ಇರುತ್ತಿತ್ತು. ಹೇಳದೆ ಹೋದದ್ದರಿಂದ ಅದು ಮರಿ ಹಾಕಿತು.

ತಿಂಗಳೊಳಗೆ ವಿದ್ಯಾರ್ಥಿಗಳು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟರು. ಹಾಜರಿ ಪುಸ್ತಕದ ಸಹಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ಇಬ್ಬರು ಅಧ್ಯಾಪಕರು ಮೆಟ್ಟಿಲ ಬಳಿ ನಕ್ಕರೆ ಅದು ತನ್ನ ಮೇಲೇ ಎಂದು ಕನ್ನಡಕ ಒರೆಸಿಕೊಳ್ಳುವುದು. ಕಾಮಾಲೆ ಕಣ್ಣಿಗೆ ಸುಣ್ಣದ ಗೋಡೆಯೂ ಹಳದಿ.

ಆದರೆ ಅವರ ಕಣ್ಣು ಬೀಡುಬಿಟ್ಟದ್ದು ಲ್ಯಾಬಿನಲ್ಲಿ. ಕಟ್ಟಡದವರು ತಮ್ಮ ಕಾಂಕ್ರೀಟನ್ನು ಅರ್ಧ ಅಡಿಯ ಚೌಕ ಕ್ಯೂಬುಗಳಾಗಿ ಎರಕ ಹೊಯ್ದು ಅಲ್ಲಿಗೆ ತರುತ್ತಿದ್ದರು. ಯಂತ್ರದಲ್ಲಿಟ್ಟು ಒತ್ತಿ ಒಡೆದು, ಎಷ್ಟು ಭಾರಕ್ಕೆ ಒಡೆಯಿತೆಂದು ವರದಿ ಬರೆದರೆ ಕೆಳಗೆ ಮುಖ್ಯಸ್ಥರ ಸಹಿ. ಮೂವತ್ತು ವರ್ಷದಿಂದ ಯಂತ್ರ ನಡೆಸುತ್ತಿದ್ದ ಹಿರಿಯ ಸಹಾಯಕರು ಇಡೀ ವಿಭಾಗಕ್ಕೆ ದೊಡ್ಡಪ್ಪ. ನಿವೃತ್ತಿಗೆ ಐದು ತಿಂಗಳಿತ್ತು. ಕ್ಯೂಬು ಒಡೆಯುವಾಗ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಚೂರು ಸಿಡಿಯುತ್ತದೆ ಸಾರ್, ಎನ್ನುತ್ತಿದ್ದರು. ಮುಚ್ಚಿದ ಬಾಗಿಲ ಹಿಂದೆ ಸಿಡಿಯುವುದು ಚೂರೊಂದೇ ಏನು, ಎಂದುಕೊಳ್ಳುತ್ತಿದ್ದರು ಮೇಷ್ಟ್ರು.

ಅಂಥ ಸಮಯದಲ್ಲಿ ಒಂದು ಶಾಲೆಯ ಮೇಲಂತಸ್ತಿನ ಕ್ಯೂಬುಗಳು ಬಂದವು. ಅದು ಮೇಷ್ಟ್ರ ಹೆಂಡತಿ ಗಣಿತ ಕಲಿಸುವ ಶಾಲೆ. ಕ್ಯೂಬು ತಂದ ಕಟ್ಟಡದ ಎಂಜಿನಿಯರ್ ದೊಡ್ಡಪ್ಪನ ಜೊತೆ ನಿಂತು ಚಹಾ ಕುಡಿಯುವುದನ್ನು ಮೇಷ್ಟ್ರು ಕಿಟಕಿಯಿಂದ ನೋಡಿದರು. ಅಷ್ಟು ಸಾಕಾಯಿತು.

"ಕೀಲಿ ಕೊಡಿ. ಇದನ್ನ ನಾನೇ ಒಡೀತೀನಿ. ನೀವು ಹೊರಗಿರಿ."

"ಆಗಲಿ ಸಾರ್. ಆ ಕೆಂಪು ಮುಳ್ಳು ಸ್ವಲ್ಪ..."

"ದೊಡ್ಡಪ್ಪ, ಆ ಯಂತ್ರದ ಚಿತ್ರ ಬೋರ್ಡ್ ಮೇಲೆ ಬರ್ದು ಬರ್ದೇ ನನ್ನ ಕೂದಲು ನೆರೆತಿರೋದು. ನಂಗೆ ಪಾಠ ಬೇಡ."

ಬಾಗಿಲು ಹಾಕಿಕೊಂಡರು. ಯಂತ್ರದ ಗಡಿಯಾರದಂಥ ಮುಖದಲ್ಲಿ ಎರಡು ಮುಳ್ಳು. ಕಪ್ಪು ಮುಳ್ಳು ಭಾರದ ಜೊತೆ ಏರಿ, ಕ್ಯೂಬು ಒಡೆದೊಡನೆ ಸೊನ್ನೆಗೆ ಬೀಳುತ್ತದೆ. ಅದು ತಳ್ಳಿಕೊಂಡು ಹೋದ ಕೆಂಪು ಮುಳ್ಳು ಮೇಲೇ ನಿಂತು, ಎಷ್ಟಕ್ಕೆ ಒಡೆಯಿತೆಂದು ತೋರಿಸುತ್ತದೆ. ಮೇಷ್ಟ್ರು ಲಿವರ್ ಎಳೆದರು, ಬಾಗಿಲ ಕಡೆ ನೋಡಿದರು. ದೊಡ್ಡಪ್ಪನ ನೆರಳು ಗಾಜಿನ ಹಿಂದೆ ಅಲ್ಲಾಡುತ್ತಿತ್ತು. ಕ್ಯೂಬು ಒಡೆಯಿತು. ಆರುನೂರ ನಲವತ್ತು. ಎರಡನೆಯದೂ ಆರುನೂರ ನಲವತ್ತು. ಮೂರನೆಯದೂ ಅಷ್ಟೇ. ಬೇಕಾದದ್ದು ಐನೂರ ಅರವತ್ತು ಕಿಲೋನ್ಯೂಟನ್‌ಗಿಂತ ಮೇಲೆ. ಪಾಸು!

ವರದಿಯ ಅಚ್ಚಿನ ಹಾಳೆಯಲ್ಲಿ "ಪರೀಕ್ಷೆ ಮಾಡಿದವರು" ಎಂಬ ಸಾಲಿತ್ತು. ಅಲ್ಲಿ ಮುಖ್ಯಸ್ಥರು ಸಹಿ ಹಾಕುವ ರೂಢಿ ಇರಲಿಲ್ಲ. ದೊಡ್ಡಪ್ಪನನ್ನೇ ಕರೆದು ಹಾಕಿಸಿದರು. ದೊಡ್ಡಪ್ಪ ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಮೇಷ್ಟ್ರ ಮುಖ ನೋಡಿ, ಸಹಿ ಹಾಕಿದರು. ವರದಿ ಅಂದೇ ಎಂಜಿನಿಯರ್ ಕೈ ಸೇರಿತು.

ಸಂಜೆ ಉತ್ತರ ಪತ್ರಿಕೆ ತಿದ್ದುತ್ತಿದ್ದ ಹೆಂಡತಿಗೆ ಮೇಷ್ಟ್ರು ಹೆಮ್ಮೆಯಿಂದ ಹೇಳಿದರು. ಆಕೆ ಕೆಂಪು ಪೆನ್ನು ನಿಲ್ಲಿಸಿ, "ಮೂರೂ ಒಂದೇನಾ? ನಮ್ಮ ಕ್ಲಾಸಲ್ಲಿ ಮೂರು ಜನ ಒಂದೇ ಅಂಕ ತಗೊಂಡ್ರೆ ಮೊದಲು ಬೆಂಚು ಬದಲಾಯಿಸ್ತೀನಿ ಕಣ್ರೀ," ಎಂದಳು. "ನಾಳೆ ಮಧ್ಯಾಹ್ನ ಹೊಸ ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ತಾರಂತೆ, ಆಸರೆ ಕಂಬ ಎಲ್ಲಾ. ಅದರ ಕೆಳಗೇ ನನ್ನ ಏಳನೇ ಕ್ಲಾಸು."

ಮೇಷ್ಟ್ರಿಗೆ ಊಟ ಸೇರಲಿಲ್ಲ. ಒಂದೇ ಲಾರಿಯ ಕಾಂಕ್ರೀಟೂ ಮೂರು ಕ್ಯೂಬಿನಲ್ಲಿ ಮೂರು ಬಗೆ ಮಾತಾಡುತ್ತದೆಂದು ವರ್ಷಾವರ್ಷ ತಾವೇ ಹೇಳಿಕೊಟ್ಟದ್ದು. ಹಾಗಾದರೆ ಕ್ಯೂಬು ಅದಲುಬದಲಾಗಿದೆ. ಮಾಡಿದವರಾರು? ಚಹಾ ಕುಡಿದವರು!

ಬೆಳಿಗ್ಗೆ ಲ್ಯಾಬಿಗೆ ನುಗ್ಗಿದವರೇ, "ಆ ಎಂಜಿನಿಯರ್‌ಗೂ ನಿಮಗೂ ಏನ್ರೀ ವ್ಯವಹಾರ?" ಎಂದರು.

ದೊಡ್ಡಪ್ಪ ಯಂತ್ರ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿಟ್ಟರು. "ಅವನು ನನ್ನ ತಂಗಿ ಅಳಿಯನ ಜೊತೆ ಓದಿದವನು ಸಾರ್. ಕ್ಷೇಮ ಸಮಾಚಾರ ಅಷ್ಟೇ. ನಾನೊಂದು ಕೇಳ್ಲಾ? ಪ್ರತಿ ಸಲ ಕೆಂಪು ಮುಳ್ಳನ್ನ ಕೈಯಿಂದ ಸೊನ್ನೆಗೆ ತಂದ್ರಾ?"

ಮೇಷ್ಟ್ರು ನಿನ್ನೆಯ ತಮ್ಮ ಕೈಯನ್ನು ನೆನಪಿಸಿಕೊಂಡರು. ಲಿವರ್ ಮೇಲಿತ್ತು, ಪೆನ್ನಿನ ಮೇಲಿತ್ತು, ಬಾಗಿಲ ಚಿಲಕದ ಮೇಲಿತ್ತು. ಮುಳ್ಳಿನ ಮೇಲೆ ಇರಲೇ ಇಲ್ಲ. ಮೊದಲ ಕ್ಯೂಬು ತಳ್ಳಿ ನಿಲ್ಲಿಸಿದ ಮುಳ್ಳನ್ನೇ ಮೂರು ಸಲ ಓದಿದ್ದರು. ಉಳಿದೆರಡು ಐನೂರಕ್ಕೆ ಒಡೆದಿದ್ದವೋ, ಮುನ್ನೂರಕ್ಕೋ, ಪುಡಿಯನ್ನು ಕೇಳಿದರೆ ಹೇಳುತ್ತದೆಯೇ?

"ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದೆ ಸಾರ್. ಪಾಠ ಬೇಡ ಅಂದ್ರಿ. ಆಮೇಲೆ ಹೇಳಿದ್ರೆ, ಪಾಸಾದ ವರದಿ ಕೆಡಿಸೋಕೆ ನಂಗೇನು ಸಿಕ್ಕಿದೆ ಅಂತ ಕೇಳ್ತಿದ್ರಿ. ಇವತ್ತು ಹೇಗಾದ್ರೂ ಹೇಳೋಣ ಅಂತ ಎಂಟಕ್ಕೇ ಬಂದೆ."

ಹಾಗೆಯೇ ಕೇಳುತ್ತಿದ್ದರು, ನಿಜ. ಮೇಷ್ಟ್ರು ಅಲ್ಲಿಂದಲೇ ಎಂಜಿನಿಯರ್‌ಗೆ ಫೋನ್ ಮಾಡಿದರು. "ಸೆಂಟ್ರಿಂಗ್ ಮುಟ್ಟಬೇಡಿ. ವರದಿ ವಾಪಸ್ ತಗೊಳ್ತಿದ್ದೀವಿ. ಸ್ಲ್ಯಾಬಿಂದಲೇ ತುಂಡು ಕೊರೆದು ನೋಡಬೇಕು." ಆ ಕಡೆಯಿಂದ ಬಂದದ್ದರಲ್ಲಿ "ಸಾರ್" ಎಂಬುದೊಂದೇ ಮರ್ಯಾದೆಯ ಮಾತು.

ತಮ್ಮ ಕೋಣೆಗೆ ಬಂದು ಕೂತರು. ಇನ್ನು ಕುಲಪತಿಗಳಿಗೆ ಪತ್ರ. ತಪ್ಪು ಯಾರದೆಂದು ಬರೆಯಬೇಕು. ಮುಂದೆ ವರದಿಯ ಕಚೇರಿ ಪ್ರತಿ ಬಿದ್ದಿತ್ತು: ಪರೀಕ್ಷೆ ಮಾಡಿದವರ ಸಾಲಿನಲ್ಲಿ ದೊಡ್ಡಪ್ಪನ ದುಂಡನೆಯ ಸಹಿ. "ಸಿಬ್ಬಂದಿಯ ಅಜಾಗರೂಕತೆಯಿಂದ" ಎಂಬ ಎರಡು ಪದ ಸಾಕು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಐದು ತಿಂಗಳ ನಂತರದ ಪಿಂಚಣಿ ಮಾತ್ರ ವಿಚಾರಣೆಯ ಕಡತದೊಳಗೆ ಕೂರುತ್ತದೆ. ದೊಡ್ಡಪ್ಪ ಬಾಗಿಲ ಬಳಿಯೇ ನಿಂತಿದ್ದರು. ಕರೆದಿರಲಿಲ್ಲ, ಹೋಗಲೂ ಇಲ್ಲ. ಅವರ ಕಣ್ಣು ಪೆನ್ನಿನ ಮೊನೆಯ ಮೇಲಿತ್ತು. ಆ ನೋಟ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ನಾಲ್ಕು ತಿಂಗಳಿಂದ ತಾವು ಊರೆಲ್ಲ ಬೀರುತ್ತಿದ್ದದ್ದು. ತಮ್ಮ ಮೇಲೆ ಬಿದ್ದಾಗ ಅದಕ್ಕಿಷ್ಟು ತೂಕವೆಂದು ಗೊತ್ತಿರಲಿಲ್ಲ.

"ಪರೀಕ್ಷೆಯನ್ನು ನಾನೇ ಮಾಡಿದ್ದು, ಸಹಾಯಕರನ್ನು ಹೊರಗಿಟ್ಟದ್ದೂ ನಾನೇ, ಮುಳ್ಳನ್ನು ಸೊನ್ನೆಗೆ ತರದಿದ್ದದ್ದು ನನ್ನ ತಪ್ಪು," ಎಂದು ಬರೆದು, ಸಹಿ ಹಾಕಿ, ಹಾಳೆಯನ್ನು ಅತ್ತ ತಿರುಗಿಸಿದರು.

ದೊಡ್ಡಪ್ಪ ಎರಡು ಸಲ ಓದಿದರು.

"ಸರಿಯಾಗಿದೆ ಸಾರ್. ನಂಗೊಂದು ಜೆರಾಕ್ಸ್ ಬೇಕು."

"ನಂಬಿಕೆ ಇಲ್ವಾ?"

"ನೀವೇ ಕಲಿಸಿದ್ದಲ್ವಾ ಸಾರ್."

ಮೇಷ್ಟ್ರು ತಾವೇ ಎದ್ದು ಜೆರಾಕ್ಸ್ ಮಾಡಿ ತಂದುಕೊಟ್ಟರು. ದೊಡ್ಡಪ್ಪ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ ತಾಳೆ ನೋಡತೊಡಗಿದರು. ಮುಗಿಯುವವರೆಗೆ ಮುಖ್ಯಸ್ಥರು ನಿಂತೇ ಇದ್ದರು.