ಬಿಳಿ ಮುಚ್ಚಳ, ಹಳದಿ ಮುಚ್ಚಳ

ಯುದ್ಧಕ್ಕೆ ಮೊದಲು ಸವಣೂರಿನ ಹತ್ತಿ ಗಿರಣಿಯೊಂದರಲ್ಲಿ ನಾನು ಉಗ್ರಾಣದ ಕಾರಕೂನನಾಗಿದ್ದೆ. ಇನ್ನೂ ಕಾಯಂ ಆಗಿರಲಿಲ್ಲ. ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಸಾಹೇಬರ ಬಿಯರು ನನ್ನ ಸುಪರ್ದಿನಲ್ಲಿತ್ತು. ಅದರಲ್ಲಿ ನಾಲ್ಕು ಜಾತಿ: ಊಟಕ್ಕೆ ಮುಂಚೆ ಪಿಲ್ಸ್, ಊಟದ ಜೊತೆ ಎಕ್ಸ್‌ಪೋರ್ಟ್, ರವಿವಾರ ಮೆರ್ತ್ಸೆನ್, ಮಳೆ ಹಿಡಿದ ದಿನ ಡುಂಕೆಲ್. ಬೆಳಿಗ್ಗೆ ಐದಕ್ಕೆ ಏಳುವ ನನಗೆ ಈ ಶಿಸ್ತು ಹಿಡಿಸಿತು. ಕ್ರಮ ತಪ್ಪಿಸಿದ ಹಿಂದಿನ ಕಾರಕೂನನನ್ನು ಸಾಹೇಬರು ಮನೆಗೆ ಕಳಿಸಿದ್ದರು.

ಹೊಸ ಪೆಟ್ಟಿಗೆ ಬಂದಾಗ ತಂಪಿಗೆಂದು ಬಾಟಲಿಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟೆ. ಮರುದಿನ ನೋಡಿದರೆ ಹೆಸರಿನ ಚೀಟಿಗಳೆಲ್ಲ ಕಳಚಿ ಬಿದ್ದಿದ್ದವು. ಉಳಿದದ್ದು ನಾಲ್ಕು ಬಣ್ಣದ ಮುಚ್ಚಳ. ಬಾಟಲಿಗಳನ್ನು ಬಿಸಿಲಿಗೆ ಹಿಡಿದೆ. ಬೆಲ್ಲದ ಪಾಕದಂತಿದ್ದದ್ದು ಮೆರ್ತ್ಸೆನ್, ಕಾಫಿಗಪ್ಪಿನದು ಡುಂಕೆಲ್. ಬಿಳಿ ಮುಚ್ಚಳದ್ದೂ ಹಳದಿ ಮುಚ್ಚಳದ್ದೂ ಒಂದೇ ಹೊಂಬಣ್ಣ. ಪಿಲ್ಸ್ ಹೆಚ್ಚು ಕಹಿ, ಎಕ್ಸ್‌ಪೋರ್ಟ್ ತುಂಬು ರುಚಿಯದು ಎಂದು ಸಾಹೇಬರು ಹೇಳಿದ್ದುಂಟು. ಆದರೆ ನಾಲಿಗೆಗೆ ಹಚ್ಚುವವರು ಯಾರು? ನನ್ನ ಕೊರಳಲ್ಲಿ ಲಿಂಗವಿತ್ತು.

ಆಗಲೇ ಹತ್ತಿಮತ್ತೂರಿನ ಗೌಡರು ಅರಳೆ ತೂಗಿಸಲು ಬಂದರು. ನಮ್ಮ ಭಾಗದ ಪಾನನಿಷೇಧ ಕಮಿಟಿಯ ಅಧ್ಯಕ್ಷರು. ಹಣೆಯ ತುಂಬ ವಿಭೂತಿ. ಸಂಕಟ ಹೇಳಿಕೊಂಡೆ.

"ಕುಡಿಯೂದು ಪಾಪ, ತಮ್ಮಾ. ಪರೀಕ್ಷಾ ಮಾಡೂದು ಪಾಪ ಅಲ್ಲ. ಬಾಗಲಾ ಹಾಕು."

ಎರಡು ಲೋಟ ತುಂಬಿದೆ. ಬಿಳಿ ಮುಚ್ಚಳದ್ದನ್ನು ಗುಟುಕರಿಸಿ ಕಣ್ಣು ಮುಚ್ಚಿದರು.

"ಇದು ಬೇವಿನಕಡ್ಡಿ ಜಗದಂಗ. ನುಂಗಿದ ಮ್ಯಾಲೂ ಕಹಿ ಬಿಡವಲ್ದು."

ಹಳದಿಯದು ಕುಡಿದು, "ಇದು ಮೆತ್ತಗ ಐತಿ. ಹೊಸಾ ಜ್ವಾಳದ ರೊಟ್ಟಿ ವಾಸನಿ" ಎಂದರು.

"ಅಂದ್ರ ಬಿಳೀದು ಪಿಲ್ಸ್ ಏನ್ರಿ?"

"ತಡಿಯೋ, ಅವಸರದಾಗ ತೀರ್ಪು ಹೇಳಬಾರದು."

ತೀರ್ಪಿಗೆ ಎರಡೂ ಬಾಟಲಿ ಖಾಲಿಯಾದವು. ಪಿಲ್ಸ್ ಬಿಳಿಯದೇ ಎಂದಾಯಿತು. ಮಧ್ಯಾಹ್ನ ಸಾಹೇಬರು ಊಟಕ್ಕೆ ಮುಂಚೆ ಅದನ್ನು ಸವಿದು ತಲೆಯಾಡಿಸಿದರು. ತಿಂಗಳೊಳಗೆ ನಾನು ಕಾಯಂ ಆದೆ.

ಅದರ ಮರುವಾರ ಕಮಿಟಿ ಕೂಡಿತು. ಅಕ್ಷರ ದುಂಡಗಿದ್ದುದರಿಂದ ನಡಾವಳಿ ಬರೆಯುವವನು ನಾನೇ. ಹೆಂಡ ಮುಟ್ಟುವ ನೌಕರಿಯವರನ್ನು ಊಟದ ಪಂಕ್ತಿಯಲ್ಲಿ ಕೂಡಿಸಬಾರದೆಂದು ಗೌಡರೇ ಠರಾವು ಮಂಡಿಸಿದರು. ಅಂಥ ನೌಕರಿ ಇಡೀ ಸೀಮೆಯಲ್ಲಿ ನನ್ನದೊಂದೇ. ಒಂದು ಅಕ್ಷರವನ್ನೂ ಕಾಟು ಹಾಕದೆ ಬರೆದುಕೊಂಡೆ.

ಹೊರಗೆ ಬಂದು ಕೇಳಿದೆ: "ನೌಕರಿ ಬಿಡ್ಲೇನ್ರಿ, ಗೌಡ್ರ?"

ಗೌಡರು ಗಾಬರಿಯಾದರು. "ಏ ಹುಚ್ಚಾ! ಠರಾವು ಊರಿಗಪಾ. ಆ ಡುಂಕೆಲ್ಲಿಂದು ಪರೀಕ್ಷಾನ ಆಗಿಲ್ಲಲ್ಲೋ!"