ನಕ್ಷೆಯಿಂದ ಅಳಿಸಿದ ದಿಬ್ಬ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ತಲೆಯಾಡಿಸುತ್ತ ಕೇಳುತ್ತಿದ್ದೆ, ಒಳಗೊಳಗೇ ನಗುತ್ತಿದ್ದೆ. ಉಪಗ್ರಹ ಚಿತ್ರ ನೋಡಿ ನಕ್ಷೆ ಬಿಡಿಸುವುದು ನನ್ನ ಕೆಲಸ. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬಿಡುವುದು. ಅದೇ ಅಭ್ಯಾಸ ಬದುಕಿಗೂ ಅಂಟಿಕೊಂಡಿತ್ತು. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ.

೨೦೨೧ರಲ್ಲಿ ಬರ್ಬ್ಯಾಂಕ್‌ನ ಒಂದು ಸಣ್ಣ ಸ್ಟುಡಿಯೋ ಟುವಾಲು ದೇಶದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿತ್ತು. ಅದಕ್ಕೆ ಬೇಕಾದ ನಕ್ಷೆಗಳನ್ನು ನಾನು ಪಕ್ಕದ ಊರು ಗ್ಲೆಂಡೇಲ್‌ನ ಮನೆಯಲ್ಲೇ ಕೂತು ಮಾಡುತ್ತಿದ್ದೆ. ಪೆಸಿಫಿಕ್ ಸಾಗರದಲ್ಲಿರುವ ಒಂಬತ್ತು ದ್ವೀಪಗಳ ದೇಶ ಅದು. ಬೆಟ್ಟವಿಲ್ಲ, ಹೊಳೆಯಿಲ್ಲ. ಹವಳ ಪುಡಿಯಾಗಿ ಆದ ನೆಲ; ಬಹಳ ಕಡೆ ಸಮುದ್ರಕ್ಕಿಂತ ಒಂದಾಳೆತ್ತರ ಮೇಲಿದ್ದರೆ ಹೆಚ್ಚು. ರಾಜಧಾನಿ ಇರುವ ದ್ವೀಪವಂತೂ ಉಂಗುರದ ಹಾಗಿದೆ. ನಡುವೆ ವಿಶಾಲವಾದ ನೀರು, ಸುತ್ತ ಹವಳದ ದಂಡೆ, ಅದರ ಮೇಲೆ ಅಲ್ಲಲ್ಲಿ ತೆಂಗಿನ ಮರಗಳಿರುವ ಪುಟ್ಟ ದಿಬ್ಬಗಳು.

ಆ ದಿಬ್ಬಗಳ ಹೆಸರು ತಿದ್ದಿಕೊಡಲು ಸ್ಟುಡಿಯೋದವರು ಸಿಯೋನೆ ಎಂಬ ಮುದುಕರನ್ನು ಗೊತ್ತುಮಾಡಿದ್ದರು. ಅವರು ಟುವಾಲುವಿನವರು, ಹಡಗುಗಳಲ್ಲಿ ದುಡಿದವರು. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿ ಮಗಳು ಲೋಸಾಳ ಜೊತೆ ಇದ್ದರು. ಶ್ವಾಸಕೋಶ ಕೆಟ್ಟು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಕಣ್ಣೂ ಹೆಚ್ಚುಕಡಿಮೆ ಹೋಗಿತ್ತು. ಫೋನಿನಲ್ಲಿ ಒಂದೊಂದೇ ಹೆಸರು ಹೇಳಿಕೊಟ್ಟು, ಕೊನೆಗೆ ಇನ್ನೊಂದು ದಿಬ್ಬದ ಮಾತು ತೆಗೆದರು. ತೆಂಗಿನಕಾಯಿ ತರಲು ದೋಣಿಯಲ್ಲಿ ಹೋಗಿದ್ದ ತಾಯಿ ತನ್ನನ್ನು ಹೆತ್ತದ್ದು ಅಲ್ಲೇ, ಅದೂ ನಕ್ಷೆಯಲ್ಲಿರಲಿ ಎಂದು ಕೇಳಿಕೊಂಡರು.

ಉಪಗ್ರಹ ಚಿತ್ರದಲ್ಲಿ ಅಲ್ಲಿ ಬರೀ ನೀರು. ಹಿಂದೆಂದೋ ಬಂದ ಚಂಡಮಾರುತ ಆ ದಿಬ್ಬವನ್ನು ಮರಗಳ ಸಮೇತ ಒಯ್ದಿತ್ತು. ಆದರೂ ನಾನು ಬಿಡಿಸಿದೆ. ಇಲ್ಲದ್ದನ್ನು ತೋರಿಸಬೇಡಿ ಎಂದರು ನಿರ್ಮಾಪಕರು. ವಾದ ಮಾಡಬಹುದಿತ್ತು, ಮಾಡಲಿಲ್ಲ. ಅಳಿಸಿದೆ.

ಅಪ್ಪನಿಗೆ ಇನ್ನು ಹೆಚ್ಚು ದಿನವಿಲ್ಲ, ನಕ್ಷೆಯ ಪ್ರಿಂಟ್ ಬೇಕಂತೆ ಎಂದು ಲೋಸಾ ಫೋನ್ ಮಾಡಿದಳು. ಒಂದು ಶನಿವಾರ ಬೆಳಿಗ್ಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಹಾಸಿಗೆಗೆ ಅಡ್ಡಲಾಗಿದ್ದ ಊಟದ ಹಲಗೆಯನ್ನು ಒರೆಸಿ, ಅದರ ಮೇಲೆ ಲೋಸಾ ಹಾಳೆ ಹಾಸಿದಳು.

“ಅದು ಇದೆಯಾ?” ಸಿಯೋನೆ ಇಂಗ್ಲಿಷಿನಲ್ಲಿ ಕೇಳಿದರು.

“ಇದೆ,” ಎಂದೆ.

ಅವರ ಬೆರಳು ದಂಡೆಯ ಗುಂಟ ತಡವುತ್ತ ಹೋಗಿ, ನಾನು ಅಳಿಸಿದ ಜಾಗದಲ್ಲೇ ನಿಂತಿತು. ಅಲ್ಲಿ ನೀಲಿ ಬಣ್ಣ ಬಿಟ್ಟು ಬೇರೇನೂ ಇರಲಿಲ್ಲ.

“ಮರಳು ಕಾದಿದೆ,” ಎಂದರು.

ಸ್ವಲ್ಪ ಹೊತ್ತಿನ ಮೇಲೆ ಕೈ ಎತ್ತಿದರು. ಬೆರಳಿದ್ದ ಕಡೆ ಒಂದು ಚಿಟಿಕೆಯಷ್ಟು ಮರಳಿತ್ತು, ಬಿಳಿಯದು, ದಪ್ಪ ಹರಳಿನದು. ಮುಟ್ಟಿದೆ. ಬಿಸಿಯಾಗಿತ್ತು. ಕಿಟಕಿಗೆ ಪರದೆ ಎಳೆದಿತ್ತು. ಹಾಳೆಯ ಉಳಿದ ಭಾಗ ತಣ್ಣಗಿತ್ತು. ಲೋಸಾ ಒದ್ದೆ ಟಿಶ್ಯೂನಲ್ಲಿ ಒರೆಸಿ ಕಸದ ಬುಟ್ಟಿಗೆ ಹಾಕಿದಳು.

ಮನೆಗೆ ಬಂದು ಗಂಡನಿಗೆ ಹೇಳಿದೆ. “ಅವರ ಉಗುರಲ್ಲಿ ಇದ್ದಿರುತ್ತೆ ಕಣೇ. ನೀನು ಸುಳ್ಳು ಹೇಳಿದೀಯಲ್ಲ, ಅದಕ್ಕೇ ಹೆದರ್ಕೊಂಡಿದೀಯ,” ಎಂದ. ಎರಡು ವರ್ಷ ಹಾಸಿಗೆ ಬಿಟ್ಟೇಳದವರ ಉಗುರಿಗೆ ಮರಳು ಎಲ್ಲಿಂದ ಬಂತು ಎಂದೆ.

ಮುಂದಿನ ವಾರ ಸಿಯೋನೆ ತೀರಿಕೊಂಡರು. ಮಣ್ಣಿಗೆ ಹೋದಾಗ ಲೋಸಾಳನ್ನು ಪಕ್ಕಕ್ಕೆ ಕರೆದು, ನಕ್ಷೆಯಲ್ಲಿ ಆ ದಿಬ್ಬ ಇರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ.

“ಗೊತ್ತು. ಹಾಸುವಾಗಲೇ ನೋಡಿದೆ,” ಎಂದಳು.

ಹಾಗಾದರೆ ಆ ಮರಳು ಹೇಗೆ ಬಂತು ಎಂದು ಕೇಳಿದೆ. ಆ ಶನಿವಾರದಿಂದ ದಿನಾ ಹೊದಿಕೆ ಕೊಡವಿದಾಗ ಅಷ್ಟಷ್ಟು ಮರಳು ಉದುರುತ್ತಿತ್ತು, ಅಪ್ಪ ಹೋದ ದಿನ ನಿಂತಿತು ಎಂದಳು. ತಾನು ಯಾರಿಗೂ ಹೇಳಿಲ್ಲ ಎಂದೂ ಹೇಳಿದಳು.

ಆ ಹಾಳೆಯನ್ನು ಅವರ ಜೊತೆಗೇ ಮಣ್ಣು ಮಾಡಿದರು. ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಅಂದು ನಾನು ಮುಟ್ಟಿದ್ದು ಏನು ಎಂದು ಯಾರಾದರೂ ಕೇಳಿದರೆ, ಮರಳು ಎಂದಷ್ಟೇ ಹೇಳಬಲ್ಲೆ. ಅದು ಎಲ್ಲಿಯದು ಎಂದು ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.