ವಿಭೂತಿ ಹಚ್ಚಿದ ಕೇಬಲ್ಲು

ಮೊನ್ನೆ ಅಟ್ಟದ ಟ್ರಂಕು ಖಾಲಿ ಮಾಡುವಾಗ ಒಂದು ಕೇಬಲ್ಲು ಸಿಕ್ಕಿತು. ಹಳೆಯ ಕಂಪ್ಯೂಟರುಗಳ ಬೆನ್ನಿಗೆ ಸಿಕ್ಕಿಸುತ್ತಿದ್ದ, ಒಂಬತ್ತು ತೂತಿನ ಅಗಲ ಮೂತಿಯದು. ಮೂತಿಯ ಮೇಲಿನ ಮೂರು ಬಿಳಿ ಗೆರೆ ಇನ್ನೂ ಪೂರ್ತಿ ಮಾಸಿಲ್ಲ. ಗುಜರಿಗೆ ಹಾಕಲೇ ಎಂದಳು ಹೆಂಡತಿ. ನಾನು ಕೂತಲ್ಲೇ ನಗತೊಡಗಿದೆ. ನೀವೂ ಬನ್ನಿ, ಟ್ರಂಕಿನ ಪಕ್ಕ ಸ್ವಲ್ಪ ಜಾಗವಿದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹೆಮ್ಮಿಗೆಯ ನಾನು ನಂಜನಗೂಡಿನ ಒಂದು ಪುಟ್ಟ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಯಲು ಬಂದವರಿಗಿಂತ ಕಲಿಯಬೇಕಾದದ್ದು ನನಗೇ ಹೆಚ್ಚಿತ್ತು, ಅದನ್ನು ಯಾರಿಗೂ ಹೇಳುತ್ತಿರಲಿಲ್ಲ ಅಷ್ಟೆ. ಗೋಡೆಯಾಚೆ ಮಾದಪ್ಪಣ್ಣನವರ ಬಾಳೆಮಂಡಿ. ಬಿಳಿಗೆರೆ ಕಡೆಯಿಂದ ಬಂದ ರಸಬಾಳೆ ಗೊನೆಗಳನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಜೋಡಿಸಿ, ಬಾಗಿಲ ಸಂದಿಗೆ ಮಣ್ಣು ಮೆತ್ತಿ, ಹೊರಗಿನ ಮಡಕೆಯಿಂದ ಕೊಳವೆಯಲ್ಲಿ ತೆಂಗಿನ ನಾರಿನ ಹೊಗೆ ಬಿಟ್ಟು ಹಣ್ಣು ಮಾಡುತ್ತಿದ್ದರು. ಒಳಗೆ ಬಿಸಿ ಹೆಚ್ಚಾದರೆ ಹಣ್ಣು ಬೇಯುತ್ತದೆ. ಸಿಪ್ಪೆ ಹಸಿರು, ಒಳಗೆಲ್ಲ ಅಂಬಲಿ. ಬಾಗಿಲು ತೆಗೆದು ನೋಡುವಂತಿಲ್ಲ. ಗೋಡೆಯ ಕಂಡಿಗೆ ಮೂಗಿಟ್ಟು ಒಮ್ಮೆ ಮೂಸಿ, ಹೊಗೆ ಸಾಕೋ ಬೇಕೋ ಎಂದು ಅವರು ಹೇಳಿಬಿಡುತ್ತಿದ್ದರು.

ಆ ವರ್ಷ ಅವರಿಗೊಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು. ಒಂದು ಬೆಳಿಗ್ಗೆ ಟೀ ಲೋಟ ಕೈಯಲ್ಲಿಟ್ಟುಕೊಂಡು, “ನನ್ ಮೂಗು ಓಗ್ಬುಟ್ಟದೆ ಕಣ್ಲಾ,” ಎಂದರು. “ಒಂದ್ ವಾಸ್ನೆನೂ ಗೊತ್ತಾಯ್ತಿಲ್ಲ. ಮನೇಲೂ ಏಳಿಲ್ಲ.”

ಹತ್ತು ದಿನದಲ್ಲಿ ನರಸೀಪುರದಲ್ಲಿ ಅವರ ಮಗಳ ಮದುವೆ. ಬೀಗರೂ ಬಾಳೆ ವ್ಯಾಪಾರದವರೇ. ಊಟದೆಲೆಗೆ ಬೀಳುವ ಹಣ್ಣು ಮಾದಪ್ಪಣ್ಣನ ಕೈಯದೇ ಆಗಬೇಕೆಂದು ಹೇಳಿ ಕಳಿಸಿದ್ದರು. ಬೆಂದ ಹಣ್ಣು ಎಲೆಗೆ ಬಿದ್ದರೆ ಮಾದಪ್ಪಣ್ಣ ತಲೆ ಎತ್ತುವುದು ಹೇಗೆ?

ನನಗೆ ಬಿಡಿ ಎಂದುಬಿಟ್ಟೆ. ತಂತಿಯ ತುದಿಯನ್ನು ಕಂಡಿಯೊಳಗೆ ಇಳಿಸಿದರೆ ಒಳಗಿನ ಬಿಸಿಯನ್ನು ಅಳೆದು ಕಂಪ್ಯೂಟರಿಗೆ ತಿಳಿಸುವ ಪೆಟ್ಟಿಗೆಯೊಂದನ್ನು ಮೈಸೂರಿನಿಂದ ತಂದೆ. ದಾರಕ್ಕೆ ಒಂದು ಥರ್ಮಾಮೀಟರ್ ಕಟ್ಟಿ ಇಳಿಬಿಟ್ಟಿದ್ದರೆ ಸಾಕಿತ್ತಲ್ಲ ಎನ್ನುತ್ತೀರಿ. ಸಾಕಿತ್ತು. ಆದರೆ ನಾನು ಕಂಪ್ಯೂಟರಿಗೆ ಹೊಸದಾಗಿ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದ ಹುಮ್ಮಸ್ಸಿನಲ್ಲಿದ್ದೆ. ಅಂಥ ಸುಲಭದ ಮಾತು ಹೊಳೆಯುವ ವಯಸ್ಸೂ ಅಲ್ಲ.

ಪೆಟ್ಟಿಗೆಗೂ ಲಿನಕ್ಸಿಗೂ ಮಾತುಕತೆ ಮಾಡಿಸುವ ಪ್ರೋಗ್ರಾಮೊಂದನ್ನು, ಲೈಬ್ರರಿ ಅನ್ನುತ್ತಾರೆ ಅದಕ್ಕೆ, ಯಾವುದೋ ದೇಶದ ಯಾರೋ ಬರೆದು, ಬೇಕಾದವರು ತೆಗೆದುಕೊಳ್ಳಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಅದು ಸಿದ್ಧವಾಗಿರಲಿಲ್ಲ, ಮೂಲ ಕೋಡ್ ಮಾತ್ರ, ನಮ್ಮ ಯಂತ್ರದಲ್ಲಿ ನಾವೇ ಕಂಪೈಲ್ ಮಾಡಿ, ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದುಕೊಳ್ಳಬೇಕು. ಸೈಬರ್ ಕೆಫೆಯಿಂದ ಫ್ಲಾಪಿಯಲ್ಲಿ ತಂದು, ಆಜ್ಞೆ ಕೊಟ್ಟು ಕೂತೆ. ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಮಾದಪ್ಪಣ್ಣ ಸ್ಟೂಲು ಎಳೆದುಕೊಂಡು ಕೂತು, ಇದೇನು ಎಂದರು. ನಾನು ಬೆವರುತ್ತಾ ವಿವರಿಸಿದೆ.

“ಅಂದ್ರೆ ಕಾಯಿ ತಂದು ನೀನೇ ಅಣ್ಣು ಮಾಡ್ಕಬೇಕು,” ಎಂದರು ಅವರು. “ಬೆಳ್ದೋರು ಸುಮ್ನೆ ಕೊಟ್ಟವ್ರಾ? ಒಳ್ಳೇವ್ರು ಬುಡು.”

ಮರುದಿನ ಕ್ಲಾಸಿನಲ್ಲಿ ಈ ಮಾತನ್ನು ನನ್ನದೇ ಎಂಬಂತೆ ಹೇಳಿ ಶಭಾಷ್ ಅನ್ನಿಸಿಕೊಂಡೆ.

ಅರ್ಧದಲ್ಲಿ ಅದು ಇನ್ನೊಂದು ಲೈಬ್ರರಿ ಬೇಕೆಂದು ಹಟ ಹಿಡಿದು ನಿಂತಿತು. ಮತ್ತೆ ಮೈಸೂರು ಬಸ್ಸು. ಅದನ್ನು ತಂದರೆ ಅದಕ್ಕೆ ಮತ್ತೊಂದು ಬೇಕಂತೆ. ಮೂರನೇ ದಿನ ಎಲ್ಲವೂ ತಕರಾರಿಲ್ಲದೆ ಮುಗಿಯಿತು. ಓಡಿಸಿ ನೋಡಿದರೆ, ಪೆಟ್ಟಿಗೆಯೇ ಕಾಣುತ್ತಿಲ್ಲ ಎಂಬ ಒಂದೇ ಉತ್ತರ. ಎಲ್ಲ ಅಳಿಸಿ ಮೊದಲಿನಿಂದ ಕಂಪೈಲ್ ಮಾಡಿದೆ. ಅದೇ ಉತ್ತರ. ಅಷ್ಟರಲ್ಲಿ ಮದುವೆಯ ಗೊನೆಗಳು ಕೋಣೆ ಸೇರಿ, ಮಾದಪ್ಪಣ್ಣ ಅಂದಾಜಿನ ಮೇಲೆ ಹೊಗೆ ಹಾಕಿದ್ದರು. ಬರೆದವನಿಗೇ ಸರಿಯಾಗಿ ಗೊತ್ತಿಲ್ಲ ಎಂದು ನಾನು ಆ ಪರದೇಶದವನನ್ನು ಬೈಯುತ್ತಿದ್ದೆ. ಮಾದಪ್ಪಣ್ಣ ಅದನ್ನು ಕೇಳಿಸಿಕೊಳ್ಳದೆ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಹಾಕಿದ್ದ ಕೇಬಲ್ಲು ಕಿತ್ತು, ಹಣ್ಣು ಒತ್ತಿ ನೋಡುವ ಹಾಗೆ ಅದರ ಮೂತಿಯ ಮೇಲೆ ಹೆಬ್ಬೆರಳು ಆಡಿಸಿದರು.

“ತೂತೊಳ್ಗೆ ಏನೋ ತುಂಬ್ಕಂಡದೆ ಕಣ್ಲಾ.”

ವಿಭೂತಿ! ಅದನ್ನು ತುಂಬಿದವನು ನಾನೇ. ವಿಭೂತಿ ಇಡದೆ ತಮ್ಮ ಮಂಡಿಯಲ್ಲಿ ಮಡಕೆ ಕೂಡ ಹೊತ್ತಿಸುವುದಿಲ್ಲ ಎಂದು ಮೊದಲ ದಿನವೇ ಅವರು ಹೇಳಿದ್ದರು. ಭಕ್ತಿ ಉಕ್ಕಿ ನಾನು ವಿಭೂತಿಯನ್ನು ಚೆನ್ನಾಗಿ ನೀರಲ್ಲಿ ಕಲಸಿ, ಕೇಬಲ್ಲಿನ ಮೂತಿಗೇ ಅಡ್ಡಡ್ಡ ಮೂರು ಬೆರಳು ಎಳೆದಿದ್ದೆ. ಅದು ತೂತುಗಳಲ್ಲಿ ಇಳಿದು ಗಟ್ಟಿಯಾಗಿತ್ತು. ಪಿನ್ನಿನಲ್ಲಿ ಒಂಬತ್ತೂ ತೂತು ಕೆರೆದು ಸಿಕ್ಕಿಸಿದ ಕೂಡಲೇ ಪರದೆಯ ಮೇಲೆ ಅಂಕಿ ಮೂಡಿತು. ತೋಟಗಾರಿಕೆ ಪುಸ್ತಕ ನೋಡಿ ನಾನು ಬರೆದುಕೊಂಡಿದ್ದ ಅಂಕಿಗಿಂತ ಬಹಳ ಮೇಲಿತ್ತು. ಹೇಳಿದ್ದೇ ತಡ, ಮಾದಪ್ಪಣ್ಣ ಓಡಿಹೋಗಿ ಕೊಳವೆಗೆ ಒದ್ದೆ ಗೋಣಿ ತುರುಕಿದರು. ಆಮೇಲೆ ಮೂರು ದಿನ ನಾನು ಅಂಕಿ ಕೂಗುವುದು, ಅವರು ಗೋಣಿ ತೆಗೆಯುವುದು, ಹಾಕುವುದು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಬಾಗಿಲು ತೆಗೆದರು. ಕೋಣೆ ತುಂಬ ಹಳದಿ. ಒಂದು ಹಣ್ಣು ಸುಲಿದು, ತಮ್ಮ ಮೂಗಿಗಲ್ಲ, ನನ್ನ ಮೂಗಿಗೆ ಹಿಡಿದರು.

“ಏಳ್ಲಾ, ಎಂಗದೆ ವಾಸ್ನೆ?”

ತುಪ್ಪ ಕಾಯಿಸುತ್ತಿರುವ ಮನೆಯಲ್ಲಿ ಯಾರೋ ಬೆಲ್ಲ ಕುಟ್ಟುತ್ತಿದ್ದಾರೆ, ಅವರ ಹಿಂದೆ ಎಲ್ಲೋ ಚೂರೇ ಚೂರು ಹೊಗೆ ಎಂದೆ. ಅವರು ಕಣ್ಣು ಮುಚ್ಚಿ, ಹ್ಞೂಂ ಅದೇ, ಅದೇ ಎಂದರು. ಕಣ್ಣು ತೆರೆದಾಗ ರೆಪ್ಪೆ ಒದ್ದೆಯಾಗಿತ್ತು. ಮರುದಿನ ಬೀಗರು ಒಂದು ಹಣ್ಣು ತಿಂದು, ಇನ್ನೊಂದಕ್ಕೆ ಕೈ ಹಾಕಿದರು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಲಿಲ್ಲ. ಇದನ್ನು ಹೆಂಡತಿಗೆ ಹೇಳಬೇಡಿ.

ಕೇಬಲ್ಲು ಗುಜರಿಗೆ ಹೋಗಲಿಲ್ಲ. ನಾನು ಅಂಗಡಿಗೆ ಹೋಗಿ ಒಂದು ಚಿಪ್ಪು ರಸಬಾಳೆ ತಂದು, ವರ್ಷಗಳಿಂದ ಮಾತಾಡಿಸದ ಮಾದಪ್ಪಣ್ಣನವರಿಗೆ ಫೋನು ಮಾಡಿದೆ. ಈಗ ನರಸೀಪುರದಲ್ಲಿ, ಮಗಳ ಮನೆಯಲ್ಲಿದ್ದಾರೆ. ಮೂಗು ತಿರುಗಿ ಬರಲೇ ಇಲ್ಲವಂತೆ. ರಸಬಾಳೆ ಸುಲಿಯುತ್ತಿದ್ದೇನೆ ಅಣ್ಣ ಎಂದೆ. ಆ ಕಡೆ ಟಿವಿಯ ಸದ್ದು ನಿಂತಿತು.

“ಬಿರ್‍ನೆ ಏಳ್ಬುಡಬ್ಯಾಡ,” ಎಂದರು. “ವಾಸ್ನೆ ಎಂಗದೆ ಅಂತ ನಿಧಾನಕ್ಕೆ ಏಳು.”